ಯಾವ ಗುಡ್ಡದ ಅದಿರು ಮೊದಲು? ಕಪ್ಪತಗುಡ್ಡ ಎತ್ತಿರುವ ಪ್ರಶ್ನೆ

ಚಿನ್ನದ ಬೆಲೆ 2025ರಲ್ಲಿ ಹತ್ತು ಗ್ರಾಮಿಗೆ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಗದಗ ಸೀಮೆಯ ಹಳೆಯ ಪ್ರಶ್ನೆಯೊಂದಕ್ಕೆ ಮತ್ತೆ ತೂಕ ಬಂದಿದೆ. ಗದಗ ಪಟ್ಟಣಕ್ಕೆ ಹತ್ತಿರದ ಬಿಂಕದಕಟ್ಟಿಯಿಂದ ಹೊರಟು ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನಲ್ಲಿ ತುಂಗಭದ್ರೆಯ ದಂಡೆ ಮುಟ್ಟುವವರೆಗೆ, ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಕಪ್ಪತಗುಡ್ಡದ ಒಡಲಲ್ಲಿ ಚಿನ್ನವಿದೆ, ಕಬ್ಬಿಣವಿದೆ, ಮ್ಯಾಂಗನೀಸ್ ಇದೆ. ಅದೇ ಗುಡ್ಡದ ಮೈಮೇಲೆ ಬಯಲುಸೀಮೆಯಲ್ಲಿ ಬೇರೆಲ್ಲೂ ಇಷ್ಟು ಒತ್ತಾಗಿ ಕಾಣಸಿಗದ ಔಷಧಿ ಸಸ್ಯಗಳ ಕುರುಚಲು ಕಾಡೂ ಇದೆ. 2019ರ ಮೇ ತಿಂಗಳಿನಲ್ಲಿ ರಾಜ್ಯ ಸರ್ಕಾರ ಇಲ್ಲಿನ 244.15 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಿದ ಮೇಲೆ ವಿಷಯ ಮುಗಿಯಿತೆಂದು ಅನೇಕರು ಭಾವಿಸಿದ್ದಾರೆ. ಅದು ಮುಗಿದಿಲ್ಲವೆಂದೇ ನನ್ನ ಅಭಿಪ್ರಾಯ. ಅಭಿವೃದ್ಧಿ ಮತ್ತು ಸಂರಕ್ಷಣೆಯ ನಡುವೆ ಸಮತೋಲನ ಬೇಕೆಂದು ಗಣಿ ಕಂಪನಿಗಳೂ ಹೇಳುತ್ತವೆ, ಇಲಾಖೆಗಳೂ ಹೇಳುತ್ತವೆ, ಪರಿಸರ ಕಾರ್ಯಕರ್ತರೂ ಹೇಳುತ್ತಾರೆ. ಆದರೆ ಬಹುತೇಕ ಎಲ್ಲರೂ ಆ ಸಮತೋಲನವನ್ನು ಒಂದೊಂದು ಗುಡ್ಡದ ಮೇಲೆಯೇ ಹುಡುಕುತ್ತಾರೆ: ಇಷ್ಟು ಹೆಕ್ಟೇರ್ ಗಣಿಗೆ, ಉಳಿದಷ್ಟು ಕಾಡಿಗೆ. ಅಂಥ ಹಂಚಿಕೆ ಒಂದೇ ಗುಡ್ಡದ ಮೇಲೆ ಏಕೆ ಸಾಧ್ಯವಾಗುವುದಿಲ್ಲ, ಅದರ ಬದಲು ಯಾವ ಅದಿರನ್ನು ಮೊದಲು ತೆಗೆಯಬೇಕು, ಯಾವುದನ್ನು ಕೊನೆಗೆ, ಯಾವುದನ್ನು ಮುಟ್ಟಲೇಬಾರದು ಎಂಬ ಸರದಿಯನ್ನು ಇಡೀ ರಾಜ್ಯದ ಮಟ್ಟದಲ್ಲಿ ನಿಶ್ಚಯಿಸುವುದು ಏಕೆ ಅಗತ್ಯ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಅದಿರೂ ಕಾಡೂ ಒಂದೇ ಜಾಗದಲ್ಲಿ ಸಿಗುವುದು ಕೇವಲ ಆಕಸ್ಮಿಕವಲ್ಲ. ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳ ಸಮೂಹಗಳಲ್ಲಿ ಒಂದಕ್ಕೆ ಭೂವಿಜ್ಞಾನಿಗಳು ನಮ್ಮ ಧಾರವಾಡದ ಹೆಸರನ್ನೇ ಇಟ್ಟಿದ್ದಾರೆ. ಆ ಸಮೂಹದ ಒಂದು ಉದ್ದನೆಯ ಪಟ್ಟಿ ಚಿತ್ರದುರ್ಗದ ಕಡೆಯಿಂದ ಉತ್ತರಕ್ಕೆ ಚಾಚಿ ಗದಗದ ಬಳಿ ಕೊನೆಯಾಗುತ್ತದೆ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಮತ್ತು ಸಿಲಿಕಾ ಗಟ್ಟಿಯಾಗಿ ಪಟ್ಟೆಪಟ್ಟೆಯ ಕಲ್ಲಾಯಿತು. ಸುತ್ತಲಿನ ಮೆದು ಶಿಲೆಗಳು ಮಳೆ ಗಾಳಿಗೆ ಸವೆದು ಬಯಲಾದರೂ ಈ ಗಡಸು ಕಲ್ಲು ಸವೆಯದೆ ಏಣಾಗಿ ನಿಂತಿತು. ಗುಡ್ಡ ಎತ್ತರವಾಗಿ ಉಳಿದಿರುವುದಕ್ಕೆ ಅದರೊಳಗಿನ ಅದಿರಿನ ಪದರವೇ ಬಹುಮಟ್ಟಿಗೆ ಕಾರಣ. ಎತ್ತರವಾಗಿ ಉಳಿದುದರಿಂದ ಅದು ಮೋಡ ತಡೆಯಿತು. ಮಣ್ಣು ತೆಳುವಾಗಿ ನೇಗಿಲಿಗೆ ಒಗ್ಗದಿದ್ದುದರಿಂದ ಅಲ್ಲಿ ಕಾಡು ಉಳಿಯಿತು. ಸಂಡೂರಿನ ಬೆಟ್ಟಸಾಲು, ಬಾಬಾಬುಡನ್‌ಗಿರಿ, ಕುದುರೆಮುಖ, ಎಲ್ಲೆಡೆಯೂ ಹೆಚ್ಚುಕಡಿಮೆ ಇದೇ ಕಥೆ. ಹೀಗಿರುವಾಗ ಏಣನ್ನು ಗಣಿಗೆ ಬಿಟ್ಟು ಇಳಿಜಾರನ್ನು ಕಾಡಿಗೆ ಉಳಿಸುತ್ತೇವೆ ಎಂಬ ಯೋಜನೆ ನಕಾಶೆಯ ಮೇಲೆ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ನೆಲದ ಮೇಲೆ ನಿಲ್ಲುವುದಿಲ್ಲ. ಏಣು ಹೋದರೆ ಇಳಿಜಾರಿಗೆ ನೀರಿಳಿಸುವ ಮೂಲವೇ ಹೋಗುತ್ತದೆ.

ಆ ನೀರಿನ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. ಗದಗ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಬಿರುಕುಬಿಟ್ಟ ಕಲ್ಲಿನ ಸಂದುಗಳಲ್ಲಿ ಇಂಗಿದ ನೀರು ಗುಡ್ಡದ ಬುಡದಲ್ಲಿ ನಿಧಾನಕ್ಕೆ ಒಸರಿ ಹಳ್ಳಗಳಾಗಿ ಇಳಿಯುತ್ತದೆ. ಡಂಬಳ, ಡೋಣಿ, ಶೆಟ್ಟಿಕೇರಿ ಕಡೆಯ ಕೆರೆಗಳೂ ಬಾವಿಗಳೂ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲಗಳ ಕೊಳವೆಬಾವಿಗಳೂ ಈ ಗುಡ್ಡವನ್ನು ನಂಬಿಕೊಂಡಿವೆ. ಎರಿ, ಅಂದರೆ ಕಪ್ಪು ಮಣ್ಣಿನ ಹೊಲದ ರೈತ ಹಿಂಗಾರಿಗೆ ಕಡಲೆ, ಜೋಳ ಬಿತ್ತಿ ನೆಲದ ತೇವದ ಮೇಲೆಯೇ ಬೆಳೆ ತೆಗೆಯಬಲ್ಲ. ಗುಡ್ಡದ ಸೆರಗಿನ ಮಸಾರಿಯಲ್ಲಿ ಶೇಂಗಾ, ಗೋವಿನಜೋಳ, ಉಳ್ಳಾಗಡ್ಡಿ ಬೆಳೆಯುವವನಿಗೆ ಅಂತರ್ಜಲವೇ ಆಧಾರ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. 2024ರ ಜನವರಿಯಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹಗಲು ಕೆರೆಯ ನೀರಿನಲ್ಲಿರುವ ಆ ಹಕ್ಕಿಗಳು ಮೇಯಲು ಹೋಗುವುದು ಸುತ್ತಲಿನ ಹೊಲಗಳಿಗೆ. ಗುಡ್ಡ, ಕೆರೆ, ಹೊಲ ಇವುಗಳನ್ನು ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿ ಇಟ್ಟಿರುವುದು ನಾವು. ನೀರಿಗೂ ಹಕ್ಕಿಗೂ ಆ ಭೇದವಿಲ್ಲ.

ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು ಎಂದು ಈ ಭಾಗದ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತಿನ ಹಿಂದೆ ಕಪ್ಪತ ಮಲ್ಲಯ್ಯನ ಮೇಲಿನ ಭಕ್ತಿ ಇರುವಂತೆ ನಾಟಿ ವೈದ್ಯರ ಅನುಭವವೂ ಇದೆ. ಮಧುನಾಶಿನಿ, ಅಮೃತಬಳ್ಳಿ, ಅಳಲೆ, ನೆಲ್ಲಿ, ಶತಾವರಿ, ಹೊನ್ನೆ ಮೊದಲಾಗಿ ನೂರಾರು ಬಗೆಯ ಔಷಧಿ ಗಿಡಗಳು ಇಲ್ಲಿವೆ. ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿ, ನರಿ, ನವಿಲುಗಳ ಆಶ್ರಯವೂ ಇದೇ. ತೋಳ ಮತ್ತು ಕತ್ತೆಕಿರುಬಗಳು ದಟ್ಟ ಕಾಡಿನ ಪ್ರಾಣಿಗಳಲ್ಲ. ಹುಲ್ಲು, ಮುಳ್ಳುಕಂಟಿ, ಕಲ್ಲುಗುಹೆಗಳಿರುವ ಇಂಥ ಬಯಲುಗುಡ್ಡಗಳೇ ಅವುಗಳ ನೆಲೆ. ಮಲೆನಾಡಿನ ಹಸಿರನ್ನೇ ಕಾಡಿನ ಅಳತೆಗೋಲಾಗಿ ಮಾಡಿಕೊಂಡ ಕಣ್ಣಿಗೆ ಬೇಸಿಗೆಯಲ್ಲಿ ಒಣಗಿ ನಿಂತ ಕಪ್ಪತಗುಡ್ಡ ಬರಡು ನೆಲವಾಗಿ ಕಾಣಬಹುದು, ಮತ್ತು ನಮ್ಮ ಅರಣ್ಯ ನೀತಿಯ ಲೆಕ್ಕಾಚಾರದಲ್ಲಿಯೂ ಅದೇ ದೃಷ್ಟಿ ಉಳಿದುಬಂದಿದೆ. ಅದರ ವಿವರಕ್ಕೆ ಮುಂದೆ ಬರುತ್ತೇನೆ.

ಚಿನ್ನದ ವಿಚಾರ ಹೊಸದೇನಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿಯೇ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ಬರೆದಿದ್ದರು. ಹಳ್ಳದ ಮರಳನ್ನು ತೊಳೆದು ಚಿನ್ನದ ಕಣ ಆರಿಸುವ ಜಲಗಾರರು ಅದಕ್ಕೂ ಮೊದಲಿನಿಂದ ಸೊರಟೂರಿನ ಸುತ್ತ ಆ ಕೆಲಸ ಮಾಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಬಂದು ಸುರಂಗ ತೋಡಿದವು, ಲಾಭ ಕಾಣದೆ ಬಿಟ್ಟುಹೋದವು. ಅಂದಿನ ಸುರಂಗಕ್ಕೂ ಇಂದಿನ ಯಾಂತ್ರಿಕ ಗಣಿಗೂ ಇರುವ ಅಂತರ ಪ್ರಮಾಣದ್ದು. ಒಂದು ಟನ್ ಕಲ್ಲಿನಲ್ಲಿ ಮೂರು ಗ್ರಾಂ ಚಿನ್ನ ಇದೆಯೆಂದು ಇಟ್ಟುಕೊಂಡರೂ ಒಂದು ತೊಲೆಗೆ ಸುಮಾರು ನಾಲ್ಕು ಟನ್ ಕಲ್ಲನ್ನು ಒಡೆದು, ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ನೆನೆಸಿ ಚಿನ್ನವನ್ನು ಬಿಡಿಸಬೇಕಾಗುತ್ತದೆ. ಉಳಿದ ನುಣ್ಣನೆಯ ಪುಡಿ ಅಲ್ಲಿಯೇ ರಾಶಿ ಬೀಳುತ್ತದೆ. ಗದಗದ ಚಿನ್ನದ ಶಿಲೆಯಲ್ಲಿ ಆರ್ಸೆನಿಕ್ ಇರುವ ಗಂಧಕದ ಖನಿಜವೂ ಬೆರೆತಿದೆ. ನೆಲದೊಳಗೆ ಗಟ್ಟಿ ಕಲ್ಲಿನಲ್ಲಿ ಇರುವವರೆಗೆ ಅದರಿಂದ ಅಪಾಯ ಕಡಿಮೆ, ಪುಡಿಯಾಗಿ ಮಳೆ ಗಾಳಿಗೆ ಒಡ್ಡಿಕೊಂಡ ಮೇಲೆ ಅದು ನೀರಿಗೆ ಸೇರುವ ದಾರಿ ತೆರೆದುಕೊಳ್ಳುತ್ತದೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ಆದರೆ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಇಂದಿಗೂ ಹಾಗೆಯೇ ಇವೆ: 13 ದಿಬ್ಬಗಳು, ಸುಮಾರು 3.3 ಕೋಟಿ ಟನ್ ತ್ಯಾಜ್ಯ. ಬೇಸಿಗೆಯ ಗಾಳಿಗೆ ಅಲ್ಲಿನ ಧೂಳು ಊರೊಳಗೆ ಬರುತ್ತದೆ. ಗಣಿಯಿಂದ ಸಿಗುವ ಸಂಬಳ ನಿಂತ ಎಷ್ಟೋ ವರ್ಷಗಳ ನಂತರವೂ ಅದರ ಕಸವನ್ನು ಊರು ಸಹಿಸಬೇಕು. ಗಾಳಿಗೆ ಹೆಸರಾದ ಗದಗ ಜಿಲ್ಲೆಯಲ್ಲಿ ಅಂಥ ದಿಬ್ಬಗಳು ಎದ್ದರೆ ಧೂಳು ಎಲ್ಲಿಯವರೆಗೆ ಹೋದೀತು ಎಂಬುದನ್ನು ಯಾರಾದರೂ ಊಹಿಸಬಹುದು.

ಗಣಿ ಬೇಕೆನ್ನುವವರ ವಾದವನ್ನೂ ಪ್ರಾಮಾಣಿಕವಾಗಿ ಕೇಳಬೇಕು. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಹಳ್ಳಿಗಳಿಂದ, ವಿಶೇಷವಾಗಿ ತಾಂಡಾಗಳಿಂದ, ಪ್ರತಿ ವರ್ಷ ಜನ ಗುಳೆ ಹೋಗುತ್ತಾರೆ. ಗೋವಾ, ಮಂಗಳೂರು, ಬೆಂಗಳೂರುಗಳ ಕಟ್ಟಡ ಕೆಲಸದಲ್ಲಿ ದುಡಿದು ಬರುವ ಅವರಿಗೆ ಮನೆಯ ಹತ್ತಿರ ಕೆಲಸ ಕೊಡುವ ಯಾವ ಉದ್ಯಮವಾದರೂ ಆಸೆ ಹುಟ್ಟಿಸುವುದು ಸಹಜ. ಹೊಟ್ಟೆಯ ಪ್ರಶ್ನೆಯನ್ನು ಪರಿಸರದ ಹೆಸರಿನಲ್ಲಿ ತಳ್ಳಿಹಾಕುವ ಅಧಿಕಾರ ಧಾರವಾಡ, ಹುಬ್ಬಳ್ಳಿಯಲ್ಲಿ ಕುಳಿತು ಬರೆಯುವ ನಮಗಿಲ್ಲ. ರಸ್ತೆ, ಸೇತುವೆ, ಮನೆ, ನೇಗಿಲಿನ ಕುಳ ಎಲ್ಲದಕ್ಕೂ ಕಬ್ಬಿಣ ಬೇಕು, ಅದು ಎಲ್ಲಿಂದಲೋ ಬರಲೇಬೇಕು. ಆದರೆ ಯಂತ್ರಗಳಿಂದ ನಡೆಯುವ ಇಂದಿನ ಗಣಿಯಲ್ಲಿ ಸ್ಥಳೀಯರಿಗೆ ಸಿಗುವುದು ಹೆಚ್ಚಾಗಿ ಕಾವಲು, ಲೋಡಿಂಗ್, ಲಾರಿ ಓಡಿಸುವ ಗುತ್ತಿಗೆ ಕೆಲಸಗಳು. ಅವೂ ಅದಿರು ಇರುವಷ್ಟು ದಿನ ಮಾತ್ರ. ಅದಕ್ಕೆ ಪ್ರತಿಯಾಗಿ ಹೊಲದ ನೀರು ಹೋದರೆ ಈಗಿರುವ ಅರ್ಧ ದುಡಿಮೆಯೂ ಹೋಗುತ್ತದೆ.

ನೆರೆಯ ಬಳ್ಳಾರಿಯಲ್ಲಿ ಈ ಲೆಕ್ಕ ನಮ್ಮ ಕಣ್ಣೆದುರಿಗೇ ನಡೆದುಹೋಗಿದೆ. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆ ಭಾಗದಲ್ಲಿ ನಡೆದ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠ ಅವರ ನೇತೃತ್ವದ ಆ ಸಂಸ್ಥೆ 2009ರಲ್ಲಿ ಹಾಕಿದ ಅರ್ಜಿಯ ಮೇಲೆ ನ್ಯಾಯಾಲಯ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ ಮತ್ತು ತುಮಕೂರಿಗೂ ಆ ಆದೇಶವನ್ನು ವಿಸ್ತರಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗುತ್ತಿಗೆಗಳನ್ನು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ಮೂರು ವರ್ಗ ಮಾಡಿ, ಗಡಿ ಮೀರಿ ಅಗೆದ ಸಿ ವರ್ಗದ 49 ಗುತ್ತಿಗೆಗಳನ್ನು ರದ್ದುಪಡಿಸಲಾಯಿತು. ಅದಕ್ಕಿಂತ ಮುಖ್ಯವೆಂದು ನನಗೆ ತೋರುವುದು ಉತ್ಪಾದನೆಯ ಮೇಲಿನ ಮಿತಿ: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಕೂಡಿ 50 ಲಕ್ಷ ಟನ್. ಕಾಡು, ನೀರು, ರಸ್ತೆ, ಜನಜೀವನ ಎಷ್ಟನ್ನು ತಾಳಿಕೊಳ್ಳಬಲ್ಲವು ಎಂಬ ಅಂದಾಜಿನ ಮೇಲೆ ಅದಿರಿಗೆ ವಾರ್ಷಿಕ ಮಿತಿ ಹಾಕುವ ವಿಚಾರ ಈ ದೇಶದ ಗಣಿ ಆಡಳಿತದಲ್ಲಿ ಅಷ್ಟು ಸ್ಪಷ್ಟವಾಗಿ ಅದಕ್ಕೂ ಮೊದಲು ಬಂದಿರಲಿಲ್ಲ. ಆದರೆ ಮಿತಿ ಒಮ್ಮೆ ಹಾಕಿದ ಮೇಲೆ ಏರುತ್ತಲೇ ಹೋಯಿತು. 2022ರ ಆಗಸ್ಟ್‌ನಲ್ಲಿ ಅದು ಬಳ್ಳಾರಿಗೆ 3.5 ಕೋಟಿ ಟನ್, ಉಳಿದೆರಡು ಜಿಲ್ಲೆಗಳಿಗೆ 1.5 ಕೋಟಿ ಟನ್ ಆಯಿತು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಅದಿರಿನ ಮಾರಾಟದಿಂದ ಸಂಗ್ರಹಿಸಿದ ಸಾವಿರಾರು ಕೋಟಿ ರೂಪಾಯಿ ಬಹುಕಾಲ ಖರ್ಚಾಗದೆ ಬಿದ್ದಿತ್ತು. ಹಣ ಇದ್ದರೂ ಗುಡ್ಡವನ್ನು ಮತ್ತೆ ಕಟ್ಟುವುದು ಎಷ್ಟು ಕಷ್ಟ ಎಂಬುದಕ್ಕೆ ಬಳ್ಳಾರಿಗಿಂತ ಹತ್ತಿರದ ಸಾಕ್ಷಿ ನಮಗೆ ಬೇಕಾಗಿಲ್ಲ.

ಅದೇ ದಿನ, ಅಂದರೆ 2013ರ ಏಪ್ರಿಲ್ 18ರಂದೇ, ಸುಪ್ರೀಂ ಕೋರ್ಟು ಒಡಿಶಾದ ನಿಯಮಗಿರಿಯ ಬಾಕ್ಸೈಟ್ ಗಣಿಯ ಬಗ್ಗೆಯೂ ತೀರ್ಪು ಕೊಟ್ಟಿತು. ಗಣಿ ಬೇಕೋ ಬೇಡವೋ ಎಂಬುದನ್ನು ಅಲ್ಲಿನ ಗ್ರಾಮಸಭೆಗಳು ಚರ್ಚಿಸಲಿ ಎಂದು ಅದು ಹೇಳಿತು. ಡೋಂಗ್ರಿಯ ಕೊಂಧ ಬುಡಕಟ್ಟಿನವರ 12 ಹಳ್ಳಿಗಳ ಗ್ರಾಮಸಭೆಗಳೂ ಒಂದೇ ದನಿಯಲ್ಲಿ ಬೇಡವೆಂದವು. ನಿಯಮಗಿರಿಯಲ್ಲಿಯೂ ಅದಿರು ಇದ್ದದ್ದು ಗುಡ್ಡದ ನೆತ್ತಿಯಲ್ಲಿ, ಹಳ್ಳಗಳಿಗೆ ನೀರಿಳಿಸುತ್ತಿದ್ದದ್ದೂ ಅದೇ ನೆತ್ತಿ.

ಗದಗ ಜಿಲ್ಲೆಯ ಜನ ತಮ್ಮ ಅಭಿಪ್ರಾಯವನ್ನು ಹೇಳಲು ಯಾವ ನ್ಯಾಯಾಲಯದ ಆದೇಶಕ್ಕೂ ಕಾಯಲಿಲ್ಲ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಪಡೆಯಲು ಸರ್ಕಾರ ಹೊರಟಾಗ 2011ರಲ್ಲಿ ರೈತರು ತಿರುಗಿಬಿದ್ದರು; ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ನಿಂತರು. ಆ ವರ್ಷದ ಜುಲೈನಲ್ಲಿ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು, 2013ರಲ್ಲಿ ಕಂಪನಿಯೇ ರಾಜ್ಯದ ಯೋಜನೆಯಿಂದ ಹಿಂದೆ ಸರಿಯಿತು. ಕಪ್ಪತಗುಡ್ಡದ ವಿಷಯದಲ್ಲಿ ದಾರಿ ಇನ್ನೂ ಅಂಕುಡೊಂಕಾಗಿತ್ತು. 2015ರ ಡಿಸೆಂಬರಿನಲ್ಲಿ 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರ ವರ್ಷ ತುಂಬುವುದರೊಳಗೆ, 2016ರ ನವೆಂಬರಿನಲ್ಲಿ, ಆ ಆದೇಶವನ್ನು ತಾನೇ ಹಿಂತೆಗೆದುಕೊಂಡಿತು. ಗುಡ್ಡದಲ್ಲಿ ಚಿನ್ನ ತೆಗೆಯುವ ಖಾಸಗಿ ಪ್ರಸ್ತಾವ ಆ ಹೊತ್ತಿಗೆ ಚರ್ಚೆಯಲ್ಲಿತ್ತು. 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ಸ್ವಾಮೀಜಿಯವರ ಮುಂದಾಳುತನದಲ್ಲಿ ದೊಡ್ಡ ಧರಣಿ ನಡೆಯಿತು. ಏಪ್ರಿಲ್‌ನಲ್ಲಿ ಸರ್ಕಾರ ಮೀಸಲು ಪ್ರದೇಶದ ಸ್ಥಾನವನ್ನು ಮರಳಿ ಕೊಟ್ಟಿತು. 2018ರ ಅಕ್ಟೋಬರಿನಲ್ಲಿ ಸ್ವಾಮೀಜಿ ಲಿಂಗೈಕ್ಯರಾದರು. ಅಭಯಾರಣ್ಯದ ಘೋಷಣೆ ಬಂದದ್ದು ಅವರು ಇಲ್ಲವಾದ ಏಳು ತಿಂಗಳ ನಂತರ.

ಒಂದು ಸಹಿಯಿಂದ ಬಂದ ರಕ್ಷಣೆ ಇನ್ನೊಂದು ಸಹಿಯಿಂದ ಹೋಗಬಹುದಾದರೆ ಅದನ್ನು ರಕ್ಷಣೆ ಎನ್ನಲಾಗದು, ಮತ್ತು ಇಲ್ಲಿಯೇ ಕಾನೂನಿನ ಸೂಕ್ಷ್ಮ ಗಮನಿಸಬೇಕಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಿಂದ ಸೇರಿದ 36ಎ ಕಲಂ ಸ್ಥಳೀಯರೊಂದಿಗೆ ಸಮಾಲೋಚಿಸಿ ಸರ್ಕಾರಿ ಜಮೀನನ್ನು ಮೀಸಲು ಪ್ರದೇಶವನ್ನಾಗಿ ಮಾಡಲು ಅವಕಾಶ ಕೊಡುತ್ತದೆ. ಅದು ಜನರನ್ನು ಒಳಗೊಳ್ಳುವ ಒಳ್ಳೆಯ ಏರ್ಪಾಡು, ಆದರೆ ಗಟ್ಟಿಯಾದುದಲ್ಲವೆಂದು 2016ರ ಅನುಭವವೇ ತೋರಿಸಿತು. ಅಭಯಾರಣ್ಯದ ಗಡಿಯನ್ನಾದರೋ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸಿಲ್ಲದೆ ರಾಜ್ಯ ಬದಲಿಸುವಂತಿಲ್ಲ. ಅದರ ಮೇಲೆ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗೂ ಅವುಗಳ ಗಡಿಯಿಂದ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲೂ ಗಣಿಗಾರಿಕೆ ಸಲ್ಲದೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್ 26ರ ಆದೇಶದಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಈಗ ಒತ್ತಡ ಇರುವುದು ಗುಡ್ಡದ ಒಳಗಿಗಿಂತ ಹೆಚ್ಚಾಗಿ ಅಂಚಿನ ಮೇಲೆ. ಪರಿಸರ ಸೂಕ್ಷ್ಮ ವಲಯ, ಅಂದರೆ ಗಡಿಯ ಹೊರಗೆ ಚಟುವಟಿಕೆಗಳಿಗೆ ಕಡಿವಾಣ ಹಾಕುವ ಪಟ್ಟಿ, ಅಂತಿಮಗೊಳ್ಳದ ಅಭಯಾರಣ್ಯಗಳ ಸುತ್ತ ಹತ್ತು ಕಿಲೋಮೀಟರ್ ಒಳಗಿನ ಯೋಜನೆಗಳು ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಮುಂದೆ ಹೋಗಬೇಕೆಂದು ಸುಪ್ರೀಂ ಕೋರ್ಟಿನ 2006ರ ಆದೇಶ ಹೇಳುತ್ತದೆ. ವಲಯ ಅಂತಿಮವಾದರೆ ಆ ಹತ್ತು ಕಿಲೋಮೀಟರ್ ಒಂದಕ್ಕೆ ಇಳಿಯಬಹುದು. ಚಿನ್ನದ ಗಣಿಯ ಹೆಸರು ಕೇಳಿದರೆ ಊರೆಲ್ಲ ಎದ್ದು ನಿಲ್ಲುತ್ತದೆ, ಆದರೆ ಹೆದ್ದಾರಿಗೂ ಹುಬ್ಬಳ್ಳಿ, ಗದಗಗಳ ಕಟ್ಟಡಗಳಿಗೂ ಜಲ್ಲಿ, ಎಂ-ಸ್ಯಾಂಡ್ ಒದಗಿಸುವ ಕಲ್ಲು ಕ್ವಾರಿ ಮತ್ತು ಕ್ರಷರುಗಳ ಮುಂದೆ ಆ ಎಚ್ಚರ ಕಾಣುವುದಿಲ್ಲ. ಸಿಡಿಮದ್ದಿನ ಅದುರು, ಬೆಳೆಯ ಎಲೆ ಮೇಲೆ ಕೂರುವ ಧೂಳು, ಬತ್ತುವ ಕೊಳವೆಬಾವಿ, ಇವು ಚಿನ್ನದ ಗಣಿಯಷ್ಟು ಸುದ್ದಿಯಾಗದ, ಆದರೆ ದಿನವೂ ನಡೆಯುವ ಹಾನಿ.

ಗುಡ್ಡವನ್ನು ಮುಟ್ಟದೆ ಬಿಡುವುದರ ಬೆಲೆಯನ್ನು ಯಾರು ಕೊಡಬೇಕು? ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ನೇರವಾಗಿ ಇಟ್ಟದ್ದು ದಕ್ಷಿಣ ಅಮೆರಿಕದ ಎಕ್ವಡಾರ್. ಅಮೆಜಾನ್ ಕಾಡಿನ ಯಸುನಿ ರಾಷ್ಟ್ರೀಯ ಉದ್ಯಾನದ ಕೆಳಗಿನ ತೈಲವನ್ನು ತೆಗೆಯದೆ ಬಿಡುತ್ತೇವೆ, ನಮಗಾಗುವ ನಷ್ಟದ ಅರ್ಧದಷ್ಟಾಗುವ 360 ಕೋಟಿ ಡಾಲರನ್ನು ಬೇರೆ ದೇಶಗಳು ತುಂಬಿಕೊಡಲಿ ಎಂದು ಅದು 2007ರಲ್ಲಿ ಕೇಳಿತು. ಕೈಗೆ ಬಂದದ್ದು ಸುಮಾರು 1.3 ಕೋಟಿ ಡಾಲರ್ ಮಾತ್ರ. 2013ರಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟು ತೈಲ ತೆಗೆಯಲು ಹೊರಟಿತು. 2023ರ ಆಗಸ್ಟ್‌ನ ಜನಮತಗಣನೆಯಲ್ಲಿ ಅಲ್ಲಿನ ಮತದಾರರಲ್ಲಿ ಶೇ. 59ರಷ್ಟು ಜನ ತೈಲ ನೆಲದೊಳಗೇ ಇರಲಿ ಎಂದರು. ಸಣ್ಣ ದೇಶದ ಸಾಮಾನ್ಯ ಜನ ತಮ್ಮ ಆದಾಯವನ್ನೇ ಬಿಟ್ಟುಕೊಟ್ಟು ಮಾಡಿದ ಆ ಆಯ್ಕೆಯನ್ನು ನಾನು ಗೌರವದಿಂದ ಕಾಣುತ್ತೇನೆ. ಹೊರಗಿನವರು ಬೆಲೆ ಕೊಟ್ಟಾರೆಂದು ಕಾಯುವುದರಲ್ಲಿ ಹುರುಳಿಲ್ಲವೆಂಬುದೂ ಆ ಕಥೆಯಿಂದ ತಿಳಿಯುತ್ತದೆ. ನಮ್ಮ ದೇಶದಲ್ಲಿಯೇ ಅಸ್ಸಾಮಿನ ಬಾಘಜಾನ್‌ನಲ್ಲಿ, ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲಿ, 2020ರ ಮೇ 27ರಂದು ಬಾಯ್ದೆರೆದ ಅನಿಲ ಬಾವಿ ಜೂನ್‌ನಲ್ಲಿ ಹೊತ್ತಿಕೊಂಡು ನವೆಂಬರಿನವರೆಗೆ ಉರಿಯಿತು. ಉದ್ಯಾನದ ಗಡಿಯ ಹೊರಗೆ ಇದ್ದುದರಿಂದ ಕಾಗದದ ಮೇಲೆ ಆ ಬಾವಿ ಸುರಕ್ಷಿತ ದೂರದಲ್ಲಿತ್ತು. ಎಣ್ಣೆ ಮಗುರಿ ಜೌಗಿನ ಮೀನು, ಹಕ್ಕಿ, ಮೀನುಗಾರರ ಜೀವನದ ಮೇಲೆ ಹರಿದಾಗ ಆ ಗಡಿಗೆ ಅರ್ಥ ಉಳಿಯಲಿಲ್ಲ.

ಬೆಲೆಯ ಪ್ರಶ್ನೆಗೆ ಭಾರತದಲ್ಲಿ ಒಂದು ಭಾಗಶಃ ಉತ್ತರವಿದೆ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಾಗ ಹದಿನಾಲ್ಕನೆಯ ಹಣಕಾಸು ಆಯೋಗ ಅರಣ್ಯಕ್ಕೆ ಶೇ. 7.5ರಷ್ಟು ತೂಕ ಕೊಟ್ಟಿತು. ಹದಿನೈದನೆಯ ಆಯೋಗ 2021ರಿಂದ 2026ರ ಅವಧಿಗೆ ಅದನ್ನು ಶೇ. 10ಕ್ಕೆ ಏರಿಸಿತು. ಆದರೆ ಆ ಲೆಕ್ಕಕ್ಕೆ ಹಿಡಿದದ್ದು ದಟ್ಟ ಮತ್ತು ಮಧ್ಯಮ ದಟ್ಟ ಅರಣ್ಯವನ್ನು ಮಾತ್ರ. ತೋಳ, ಕತ್ತೆಕಿರುಬಗಳ ನೆಲೆಯಾದ ಹುಲ್ಲುಗಾವಲೂ ಕುರುಚಲು ಕಾಡೂ ಆ ಲೆಕ್ಕದಲ್ಲಿ ಶೂನ್ಯಕ್ಕೆ ಸಮವಾಗಿದ್ದವು. ಗಣಿಗೆ ಅರಣ್ಯ ಬಿಟ್ಟುಕೊಡುವಾಗ ಕಾಡಿನ ನಷ್ಟಕ್ಕೆ ಪರಿಹಾರವಾಗಿ ವಸೂಲು ಮಾಡುವ ನಿವ್ವಳ ಪ್ರಸ್ತುತ ಮೌಲ್ಯದಲ್ಲಿಯೂ ಮರಗಳ ದಟ್ಟಣೆ ಇಳಿದಂತೆ ದರ ಇಳಿಯುತ್ತದೆ. ಇನ್ನೊಂದು ಕೊರತೆಯೆಂದರೆ ಹಣ ಬರುವುದು ರಾಜ್ಯದ ಬೊಕ್ಕಸಕ್ಕೆ, ತ್ಯಾಗ ಮಾಡುವುದು ಡೋಣಿ, ಅತ್ತಿಕಟ್ಟಿಯಂಥ ಊರುಗಳು. ಗಣಿ ನಡೆದ ಜಿಲ್ಲೆಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಮೂಲಕ, ಗಣಿ ಕಾಯ್ದೆಯ 2015ರ ತಿದ್ದುಪಡಿಯಂತೆ, ರಾಜಧನದ ಶೇ. 10ರಿಂದ 30ರಷ್ಟು ಹಣ ಹೆಚ್ಚುವರಿಯಾಗಿ ಸಲ್ಲುತ್ತದೆ. ಗಣಿಯನ್ನು ಬೇಡವೆಂದ ಜಿಲ್ಲೆಗೆ ಅಂಥ ಯಾವ ಏರ್ಪಾಡೂ ಇಲ್ಲ. ಅರಣ್ಯದ ಹೆಸರಿನಲ್ಲಿ ಬರುವ ಪಾಲಿನ ಒಂದು ಅಂಶವನ್ನು ಅಭಯಾರಣ್ಯದ ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೆ ನೇರವಾಗಿ ಹಂಚಲು ರಾಜ್ಯಕ್ಕೆ ಅಡ್ಡಿಯೇನೂ ಇಲ್ಲ. ಈ ಅನ್ಯಾಯ ಸರಿಯಾಗದೆ ಸಂರಕ್ಷಣೆಗೆ ಜನರ ಒಲವು ಬಹುಕಾಲ ಉಳಿಯುವುದೆಂದು ನಿರೀಕ್ಷಿಸುವುದು ಕಷ್ಟ.

ಇನ್ನು ಸರದಿಯ ವಿಷಯ. ಭಾರತ ವರ್ಷಕ್ಕೆ ಏಳುನೂರು, ಎಂಟುನೂರು ಟನ್ ಚಿನ್ನವನ್ನು ಕೊಳ್ಳುತ್ತದೆ; ದೇಶದ ಗಣಿಗಳಿಂದ ಬರುವುದು ಒಂದೂವರೆ ಟನ್ನಿನ ಆಸುಪಾಸು, ಅದರಲ್ಲಿ ಬಹುಪಾಲು ರಾಯಚೂರು ಜಿಲ್ಲೆಯ ಹಟ್ಟಿಯದು. ಕಪ್ಪತಗುಡ್ಡವನ್ನು ಪೂರ್ತಿ ಅಗೆದರೂ ಈ ಅಂತರದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಾಗದು. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಲಿಥಿಯಂ, ತಾಮ್ರ, ಕೋಬಾಲ್ಟ್ ಇವೆ, ಚಿನ್ನವೂ ಇಲ್ಲ, ಕಬ್ಬಿಣವೂ ಇಲ್ಲ. ನಮ್ಮಲ್ಲಿ ಚಿನ್ನ ಹೆಚ್ಚಾಗಿ ಒಡವೆಗೆ, ಉಳಿತಾಯಕ್ಕೆ ಹೋಗುತ್ತದೆ. ಅದು ಒಮ್ಮೆ ತೆಗೆದರೆ ಕೆಡದೆ ಮನೆಯಿಂದ ಮನೆಗೆ ಕರಗಿ ಹೊಸದಾಗುತ್ತ ಉಳಿಯುವ ಲೋಹ. ಹೀಗಿರುವಾಗ ಮೊದಲು ತೆಗೆಯಬೇಕಾದದ್ದು ಈಗಾಗಲೇ ಅಗೆದು ಎಸೆದ ರಾಶಿಗಳನ್ನು. ಕೆಜಿಎಫ್ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಹರಾಜಿನ ಮೂಲಕ ತೆಗೆಸಲು ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಜವಾಬ್ದಾರಿಯಿಂದ ಮಾಡಿದರೆ ಚಿನ್ನವೂ ಬಂದೀತು, ಊರಿನ ಮೇಲಿನ ಧೂಳೂ ಕಡಿಮೆಯಾದೀತು. ಬಳ್ಳಾರಿಯಲ್ಲಿ ಹಿಂದೆ ಕಡಿಮೆ ದರ್ಜೆಯದೆಂದು ಬದಿಗೆ ಸುರಿದ ಅದಿರಿನ ಗುಡ್ಡೆಗಳಿವೆ. ಆಮೇಲೆ ಈಗ ನಡೆಯುತ್ತಿರುವ ಗುತ್ತಿಗೆಗಳು, ಮಿತಿಯೊಳಗೆ. ಅದಾದ ಮೇಲೆ ಕಾಡಿಲ್ಲದ, ಜಲಮೂಲವಲ್ಲದ ನೆಲದ ನಿಕ್ಷೇಪಗಳು, ಅಲ್ಲಿನ ಗ್ರಾಮಸಭೆ ಒಪ್ಪಿದರೆ. ಒಂದು ಇಡೀ ಬಯಲುಸೀಮೆಗೆ ಏಕೈಕ ಜಲಮೂಲವಾಗಿ ನಿಂತ ಗುಡ್ಡಗಳು ಈ ಸರದಿಯಲ್ಲಿ ಬರಲೇಬಾರದು. ಇಂಥ ಒಂದು ಪಟ್ಟಿಯನ್ನು ಗಣಿ ಇಲಾಖೆ, ಅರಣ್ಯ ಇಲಾಖೆ, ಅಂತರ್ಜಲ ನಿರ್ದೇಶನಾಲಯ ಕೂಡಿ ತಯಾರಿಸಿ ಸಾರ್ವಜನಿಕರ ಮುಂದಿಟ್ಟರೆ ಪ್ರತಿ ಗುಡ್ಡಕ್ಕೂ ಒಂದೊಂದು ಚಳವಳಿ, ಒಂದೊಂದು ಧರಣಿ ಬೇಕಾಗುವ ಈಗಿನ ಸ್ಥಿತಿ ತಪ್ಪುತ್ತದೆ. ನೆಲದ ನಿಕ್ಷೇಪ ಎಲ್ಲಿ ಎಷ್ಟಿದೆ ಎಂಬ ಸಮೀಕ್ಷೆಗಳು ಸರ್ಕಾರದ ಬಳಿ ಇವೆ. ಅವುಗಳ ಮೇಲೆ ನೀರಿನ, ಕಾಡಿನ ನಕಾಶೆಗಳನ್ನು ಹಾಸಿ ನೋಡುವ ಕೆಲಸ ಬಾಕಿ ಇದೆ.

ಗಣಿ ಇಲ್ಲದಿದ್ದರೆ ಗುಡ್ಡ ಸುರಕ್ಷಿತ ಎಂಬ ಭಾವನೆಯೂ ಪೂರ್ತಿ ಸರಿಯಲ್ಲ. ಕಪ್ಪತಗುಡ್ಡದ ಏಣಿನುದ್ದಕ್ಕೂ ನಿಂತಿರುವ ಗಾಳಿಯಂತ್ರಗಳು ಹೊಗೆಯಿಲ್ಲದ ವಿದ್ಯುತ್ತನ್ನು ಕೊಡುತ್ತವೆ, ಅದು ಬೇಕು. ಆದರೆ ಅವುಗಳ ರೆಕ್ಕೆಗಳನ್ನು ಸಾಗಿಸಲು ಕಡಿದ ಅಗಲವಾದ ರಸ್ತೆಗಳು ಮಣ್ಣು ಕೊಚ್ಚಿಹೋಗಲು ದಾರಿ ಮಾಡಿವೆ, ಕಳ್ಳರಿಗೂ ಬೆಂಕಿಗೂ ಒಳಗೆ ಹೋಗಲು ಅನುಕೂಲ ಮಾಡಿವೆ. ಬೇಸಿಗೆಯಲ್ಲಿ ಬಾದೆ ಹುಲ್ಲಿಗೆ ಬೀಳುವ ಬೆಂಕಿ ವರ್ಷವೂ ಮರುಕಳಿಸುವ ಸಂಕಟ. ಹೊಸ ಹುಲ್ಲು ಚೆನ್ನಾಗಿ ಚಿಗುರಲಿ ಎಂದು ಕೆಲವರು ಹಚ್ಚುತ್ತಾರೆ, ಬೀಡಿ ತುಂಡಿನಿಂದಲೂ ಹತ್ತಿಕೊಳ್ಳುತ್ತದೆ. ಈ ಬೆಂಕಿಯನ್ನು ಕೆಲವೇ ಅರಣ್ಯ ಸಿಬ್ಬಂದಿ ಹಸಿ ಸೊಪ್ಪಿನಿಂದ ಬಡಿದು ಆರಿಸಲಾರರು. ಕುರಿಗಾರರು ಮತ್ತು ತಾಂಡಾದ ಯುವಕರು ಜೊತೆಗೂಡಿದರೆ ಮಾತ್ರ ಆಗುವ ಕೆಲಸ ಅದು.

ಆ ಜನರ ಸ್ಥಿತಿಯೇ ಸಂರಕ್ಷಣೆಯ ನಿಜವಾದ ಪರೀಕ್ಷೆ ಎಂದು ನಾನು ನಂಬುತ್ತೇನೆ. ಅಭಯಾರಣ್ಯ ಎಂದೊಡನೆ ಕುರಿ ಕಾಯುವವರಿಗೆ ಬಾಗಿಲು ಮುಚ್ಚಿತೆಂಬ ಭಯ ಹಳ್ಳಿಗಳಲ್ಲಿದೆ. ವನ್ಯಜೀವಿ ಕಾಯ್ದೆಯ 29ನೇ ಕಲಮಿನ ವಿವರಣೆಯಲ್ಲಿಯೇ ನಿಯಂತ್ರಿತ ಮೇವಿಗೆ ಅವಕಾಶವಿದೆ ಎಂಬುದನ್ನು ಯಾರೂ ಅವರಿಗೆ ತಿಳಿಸಿ ಹೇಳಿದಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು; ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವುದರಿಂದ ಗುಡ್ಡದ ಸೆರಗಿನ ತಾಂಡಾಗಳ ಕುಟುಂಬಗಳು ಈ ಕಠಿಣ ಅಳತೆಗೇ ಒಳಪಡುತ್ತವೆ. ಮನೆ, ಹೊಲ, ಕಾಗದ ಯಾವುದೂ ಖಚಿತವಲ್ಲದ ಬಾಳು ಬಾಳಿದವರ ಬಳಿ ಅಷ್ಟು ಹಳೆಯ ದಾಖಲೆ ಎಲ್ಲಿಂದ ಬರಬೇಕು? ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಅದನ್ನು ಅಧಿಕಾರಿಗಳು ಮನಸ್ಸಿಟ್ಟು ಬಳಸಿದರೆ ಎಷ್ಟೋ ಅರ್ಜಿಗಳು ತಿರಸ್ಕಾರದಿಂದ ಉಳಿಯುತ್ತವೆ. ಹಕ್ಕು ಸಿಗದವನಿಗೆ ಗುಡ್ಡ ಸರ್ಕಾರದ ಸೊತ್ತು. ನಾಳೆ ಕಂಪನಿಯವರು ಕೆಲಸದ ಆಸೆ ತೋರಿಸಿ ಸಹಿ ಕೇಳಿದರೆ ಅವನು ಹಾಕಿದಾನು, ಅದಕ್ಕೆ ಅವನನ್ನು ದೂರುವಂತಿಲ್ಲ.

ವನ್ಯಜೀವಿ ಕಾಯ್ದೆಯ 33ಬಿ ಕಲಮಿನಲ್ಲಿ ಪ್ರತಿ ಅಭಯಾರಣ್ಯಕ್ಕೂ ಒಂದು ಸಲಹಾ ಸಮಿತಿ ಇರಬೇಕೆಂದಿದೆ. ಅರಣ್ಯಾಧಿಕಾರಿಗಳ ಜೊತೆ ಆ ಕ್ಷೇತ್ರದ ಶಾಸಕರು, ಪಂಚಾಯತ್ ರಾಜ್ ಸಂಸ್ಥೆಗಳ ಮೂವರು ಪ್ರತಿನಿಧಿಗಳು, ಸ್ವಯಂಸೇವಾ ಸಂಸ್ಥೆಗಳ ಇಬ್ಬರು, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿರುವ ಮೂವರು ಅದರಲ್ಲಿ ಕೂರಬೇಕು. ಕಪ್ಪತಗುಡ್ಡದ ಆ ಸಮಿತಿಯ ಸಭೆಗಳು ಗದಗದ ಕಚೇರಿಯ ಕೋಣೆ ಬಿಟ್ಟು ಡೋಣಿ, ಡಂಬಳ, ಶೆಟ್ಟಿಕೇರಿ, ಕಡಕೋಳದಂಥ ಊರುಗಳಲ್ಲಿ ಸರದಿಯಂತೆ ನಡೆಯಬೇಕು, ಪಂಚಾಯಿತಿಯ ಮೂರು ಸ್ಥಾನಗಳಲ್ಲಿ ಒಂದಾದರೂ ತಾಂಡಾದ ಮಹಿಳೆಗೆ ಸಿಗಬೇಕು, ಸುತ್ತಲಿನ ಪ್ರತಿ ಕ್ವಾರಿಯ ಅರ್ಜಿ, ಪ್ರತಿ ಬೇಸಿಗೆಯ ಬೆಂಕಿಯ ವಿವರ, ಕೊಳವೆಬಾವಿಗಳ ನೀರಿನ ಮಟ್ಟದ ದಾಖಲೆ ಆ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲ್ಪಡಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಈ ಹಿಂಗಾರು ಬಿತ್ತನೆ ಮುಗಿಯುವುದರೊಳಗೆ ಮೊದಲ ಸಭೆ ನಡೆಸಬಹುದು.